ಕಸಿ ಗುಲಾಬಿ ಎದೆಮಟ್ಟ ಬೆಳೆದಿದೆ, ಮೊಗ್ಗೇ ಇಲ್ಲ. ವರಮಹಾಲಕ್ಷ್ಮಿಗೆ ಹೂ ಸಿಗಬಹುದಾ?

ಹೊಸ ಕುಂಡ (ಬೆಂಗಳೂರು, ಜೂನ್ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರನೇ ಮಹಡಿಯ ತಾರಸಿ. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರ ತನಕ ಬಿಸಿಲು ಬೀಳುತ್ತದೆ. ಚಳಿಗಾಲದಲ್ಲಿ ನರ್ಸರಿಯಿಂದ ಕಸಿ ಗುಲಾಬಿ ತಂದಿದ್ದೆವು. ತಂದಾಗ ಗಿಡದ ತುಂಬ ಹೂ. ಈಗ ಒಂದೊಂದು ಗಿಡದ್ದೂ ಒಂದೊಂದು ಕಥೆ.

ಕೆಂಪು ಗುಲಾಬಿಯ ಬುಡದಿಂದ ಒಂದು ಕೊಂಬೆ ಎದ್ದು ನನ್ನ ಎದೆಮಟ್ಟ ಬಂದಿದೆ. ತಿಳಿ ಹಸಿರು ಬಣ್ಣ, ಸಣ್ಣ ಎಲೆ, ಮೊಗ್ಗಿನ ಸುಳಿವಿಲ್ಲ. ಬಿಳಿ ಗುಲಾಬಿಯ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಕೇಸರಿ ಬಣ್ಣದ್ದು ದಿನಾ ನೀರು ಹಾಕಿದರೂ ಮಧ್ಯಾಹ್ನಕ್ಕೆ ಜೋತು ಬೀಳುತ್ತದೆ. ಗೊಬ್ಬರಕ್ಕೇನೂ ಕಡಿಮೆ ಇಲ್ಲ. ಎರೆಹುಳು ಗೊಬ್ಬರ, ಮೂಳೆ ಪುಡಿ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮೊಟ್ಟೆ ಸಿಪ್ಪೆ ಎಲ್ಲ ಹಾಕುತ್ತಿದ್ದೇವೆ.

ವರಮಹಾಲಕ್ಷ್ಮಿಗೆ ಮನೆಯ ಗುಲಾಬಿಯನ್ನೇ ಮುಡಿಸಬೇಕು ಅಂತ ನಮ್ಮ ಅತ್ತೆಗೆ ಆಸೆ. ಆಗುತ್ತದಾ? ಹಾಗೇ ಗೌರಿ, ದಸರಾ ಹಬ್ಬಗಳಿಗೆ ಕುಂಡದಲ್ಲಿ ಏನು ಹಾಕಬಹುದು ಅಂತಲೂ ಹೇಳಿ.

ಅಡುಗೆಮನೆ ಗೊಬ್ಬರ (ಮೈಸೂರು)

ಒಂದು ಚಮಚ ಎಪ್ಸಮ್ ಸಾಲ್ಟ್ ನೀರಿಗೆ ಬೆರೆಸಿ ಹಾಕಿ. ವಾರದಲ್ಲಿ ಗಿಡ ಗುರುತೇ ಸಿಗುವುದಿಲ್ಲ!

ಕಸಿ ಕತ್ತರಿ (ದೊಡ್ಡಬಳ್ಳಾಪುರ)

ಮೊದಲು ಗೊಬ್ಬರ ನಿಲ್ಲಿಸಿ ಮೇಡಂ. ನೀವು ಹೇಳಿದ ಮೂರು ಗಿಡದಲ್ಲಿ ಒಂದಕ್ಕೂ ಹೊಟ್ಟೆ ಹಸಿದಿಲ್ಲ.

ಕೆಂಪು ಗುಲಾಬಿಯ ಬುಡದ ಮಣ್ಣು ಎರಡು ಬೆರಳು ಸರಿಸಿ ನೋಡಿ. ಕಾಂಡದಲ್ಲಿ ಒಂದು ಗಂಟು ಸಿಗುತ್ತದೆ. ಅದು ಕಣ್ಣು ಕಸಿ ಮಾಡಿದ, ಅಂದರೆ ಬೇರೆ ಗಿಡದ ಚಿಗುರುವ ಕಣ್ಣನ್ನು ತಂದು ಕೂಡಿಸಿದ ಜಾಗ. ಗಂಟಿನ ಮೇಲಿರುವುದು ನೀವು ದುಡ್ಡು ಕೊಟ್ಟು ತಂದ ತಳಿ. ಕೆಳಗಿರುವುದು ಬೇರುಗಿಡ. ಮಲ್ಟಿಫ್ಲೋರಾ, ಇಂಡಿಕಾ ಇಂಥ ಗಟ್ಟಿ ಜಾತಿಯ ಗುಲಾಬಿಯನ್ನು ಅದಕ್ಕೆ ಬಳಸುತ್ತಾರೆ. ನಿಮ್ಮ ಉದ್ದ ಕೊಂಬೆ ಗಂಟಿನ ಕೆಳಗಿನಿಂದ ಎದ್ದಿದ್ದರೆ ಅದು ಬೇರುಗಿಡದ ಚಿಗುರು. ಹಾಗೇ ಬಿಟ್ಟರೆ ಬೇರು ತಂದ ಊಟವನ್ನೆಲ್ಲ ಅದೇ ತಿನ್ನುತ್ತದೆ, ಮೇಲಿನ ಕಸಿ ಒಣಗಿಹೋಗುತ್ತದೆ. 'ನಮ್ಮ ಗುಲಾಬಿ ಕಾಡುಗುಲಾಬಿ ಆಯಿತು' ಅಂತ ಜನ ಹೇಳುವುದು ಇದನ್ನೇ.

ಒಂದು ಕಡ್ಡಿಗೆ ಐದೆಲೆ ಇದ್ದರೆ ಒಳ್ಳೆಯದು, ಏಳಿದ್ದರೆ ಕಾಡು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ನಂಬಿ ಕತ್ತರಿ ಹಿಡಿಯಬೇಡಿ. ಒಳ್ಳೆ ತಳಿಗಳಲ್ಲೂ ಏಳೆಲೆ ಬರುತ್ತದೆ. ಕೊಂಬೆ ಎಲ್ಲಿಂದ ಹುಟ್ಟಿದೆ ಅನ್ನುವುದೊಂದೇ ಲೆಕ್ಕ. ಗಂಟಿನ ಮೇಲಿಂದಲೋ, ಗಂಟಿನಿಂದಲೇ ಆಗಲಿ ದಪ್ಪಗೆ, ಕೆಂಪಗೆ ಚಿಗುರು ಎದ್ದರೆ ಅದನ್ನು ಮುಟ್ಟಲೇಬಾರದು. ಮುಂದಿನ ವರ್ಷದ ಒಳ್ಳೆ ಹೂವೆಲ್ಲ ಅದರಲ್ಲೇ ಬರುವುದು.

ಹೊಸ ಕುಂಡ

ಈಗಷ್ಟೇ ಮಣ್ಣು ಸರಿಸಿ ನೋಡಿದೆ ಸರ್. ಗಂಟಿನ ಕೆಳಗಿನಿಂದಲೇ ಬಂದಿದೆ! ಕತ್ತರಿಸಿಬಿಡಲಾ?

ಕಸಿ ಕತ್ತರಿ

ಕತ್ತರಿಸಬೇಡಿ, ಕಿತ್ತುಹಾಕಿ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಅದು ಹುಟ್ಟಿದ ಜಾಗದ ತನಕ ಮಣ್ಣು ಬಿಡಿಸಿ, ಕೈಗೆ ದಪ್ಪ ಗವಸು ಹಾಕಿಕೊಂಡು, ಕೆಳಮುಖವಾಗಿ ಜಗ್ಗಿ ಹರಿಯಿರಿ. ಸಿಪ್ಪೆ ಸಮೇತ ಬರಬೇಕು. ಆಮೇಲೆ ಮಣ್ಣು ಮುಚ್ಚುವಾಗ ಕಸಿ ಗಂಟು ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೇ ಇರಲಿ.

ಧಾರವಾಡದ ಎರೆ (ಧಾರವಾಡ)

ಕೇಸರಿ ಗುಲಾಬಿಯ ಬಗ್ಗೆ ನಾನು ಹೇಳುತ್ತೇನೆ ರೀ. ನರ್ಸರಿಯಿಂದ ಬಂದಾಗ ಬೇರಿನ ಸುತ್ತ ಜಿಗುಟು ಮಣ್ಣಿನ ಉಂಡೆ ಇತ್ತಲ್ಲ, ಅದನ್ನು ಹಾಗೇ ಕುಂಡಕ್ಕೆ ಇಳಿಸಿದ್ದೀರಿ ಅಂತ ಕಾಣುತ್ತದೆ. ಆಂಧ್ರದ ಕಡಿಯಂ ಕಡೆಯಿಂದ ಬರುವ ಗಿಡಗಳೆಲ್ಲ ಹೆಚ್ಚುಕಡಿಮೆ ಇಂಥ ಉಂಡೆಯಲ್ಲೇ ಬರುತ್ತವೆ. ದೂರದ ಲಾರಿ ಪ್ರಯಾಣಕ್ಕೆ ಅದು ಬೇಕು, ಇಲ್ಲದಿದ್ದರೆ ಬೇರು ಅಲುಗಾಡಿ ಗಿಡ ಸಾಯುತ್ತದೆ. ಆದರೆ ಕುಂಡದಲ್ಲಿ ಸುತ್ತ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರದ ಹಗುರ ಮಣ್ಣು, ನಡುವೆ ಕಲ್ಲಿನಂಥ ಉಂಡೆ. ಹಾಕಿದ ನೀರು ಉಂಡೆಯ ಪಕ್ಕದಿಂದ ಹರಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ಮೇಲೆ ಮುಟ್ಟಿದರೆ ಒದ್ದೆ, ಬೇರಿನ ಹತ್ತಿರ ಒಣ.

ಒಂದು ಕಡ್ಡಿಯನ್ನು ಬುಡದ ಪಕ್ಕದಲ್ಲೇ ಚುಚ್ಚಿ ನೋಡಿ. ಇಳಿಯದಿದ್ದರೆ ಇದೇ ಕಾರಣ. ನಮ್ಮಲ್ಲಿ ಎರೆ ಮಣ್ಣು. ಒಣಗಿದರೆ ಬಿರುಕು, ನೆನೆದರೆ ಅಂಟು. ಹಾಗಾಗಿ ಈ ಕಾಟ ಚೆನ್ನಾಗಿ ಗೊತ್ತು.

ಮಲ್ಲೇಶ್ವರದ ಮಹಡಿ (ಬೆಂಗಳೂರು)

ಆದರೆ ನರ್ಸರಿಯವರು ಉಂಡೆ ಒಡೆಯಲೇಬೇಡಿ ಅನ್ನುತ್ತಾರಲ್ಲ?

ಕಸಿ ಕತ್ತರಿ

ಅವರ ಮಾತೂ ಸುಳ್ಳಲ್ಲ. ಹೂ ಇರುವ ಗಿಡವನ್ನು ಏಪ್ರಿಲ್ ಬಿಸಿಲಲ್ಲಿ ತಂದು ಉಂಡೆ ಒಡೆದರೆ ಸಾಯುತ್ತದೆ. ಎಳೆ ಬೇರೆಲ್ಲ ಆ ಮಣ್ಣಿಗೆ ಅಂಟಿಕೊಂಡಿರುತ್ತದೆ. ಹಾಗಂತ ಜೀವಮಾನವಿಡೀ ಹಾಗೇ ಬಿಡುವುದೂ ಸರಿಯಲ್ಲ.

ಮಳೆ ಹಿಡಿದ ಮೇಲೆ, ಮೋಡದ ದಿನ ನೋಡಿ, ಗಿಡವನ್ನು ಉಂಡೆ ಸಮೇತ ಬಕೆಟ್ ನೀರಿನಲ್ಲಿ ಇಳಿಬಿಡಿ. ಮಣ್ಣು ತಾನಾಗೇ ಕರಗಲಿ. ಕೈಯಿಂದ ಹಿಂಡಬೇಡಿ. ಅರ್ಧಕ್ಕಿಂತ ಹೆಚ್ಚು ಕರಗಿದರೆ ಸಾಕು. ಕೊಂಬೆಗಳನ್ನೂ ಮೊಟಕು ಮಾಡಿ, ಹೊಸ ಮಣ್ಣಿಗೆ ಹಾಕಿ, ಒಂದು ವಾರ ನೆರಳಲ್ಲಿಡಿ. ಮಣ್ಣು ಅಂದರೆ ಕೆಂಪುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟ್ ಸ್ವಲ್ಪವೇ ಸಾಕು. ಕುಂಡ 12 ಇಂಚಿಗಿಂತ ಚಿಕ್ಕದು ಬೇಡ. ತಾರಸಿಯ ಭಾರದ ಕಡೆಗೂ ಗಮನ ಇರಲಿ. ಒಂದು ಲೀಟರ್ ಒದ್ದೆ ಕೆಂಪುಮಣ್ಣು ಒಂದೂವರೆ ಕೆಜಿಗಿಂತ ಜಾಸ್ತಿ ತೂಗುತ್ತದೆ. ಕುಂಡಗಳನ್ನೆಲ್ಲ ನಡುವೆ ಗುಡ್ಡೆ ಹಾಕದೆ ತೊಲೆ, ಗೋಡೆಗಳ ಮೇಲಿನ ಸಾಲಿನಲ್ಲಿಡಿ.

ಮಲ್ಲೇಶ್ವರದ ಮಹಡಿ

ಬಿಳಿ ಗುಲಾಬಿಯ ಹಳದಿ ಎಲೆ ನೀರಿನ ಸಮಸ್ಯೆ ಇರಬಹುದು. ಬೋರ್‌ವೆಲ್ ನೀರು ತಾನೇ? ಕುಂಡದ ಹೊರಗೆ ಬಿಳಿ ಪಟ್ಟೆ ಕಟ್ಟಿದೆಯಾ?

ಹೊಸ ಕುಂಡ

ಹೌದು, ಟ್ಯಾಂಕರ್ ಮತ್ತು ಬೋರ್ ಎರಡೂ. ಬಿಳಿ ಪಟ್ಟೆ ಇದೆ. ನೀರು ದಂಡ ಆಗಬಾರದು ಅಂತ ಕುಡಿಯುವ ನೀರಿನ ಆರ್‌ಓ ಫಿಲ್ಟರ್ ಹೊರಗೆ ಬಿಡುವ ವೇಸ್ಟ್ ನೀರನ್ನೂ ಗಿಡಕ್ಕೇ ಹಾಕುತ್ತೇವೆ.

ಮಲ್ಲೇಶ್ವರದ ಮಹಡಿ

ಆ ನೀರಿನಲ್ಲಿ ನೆಲ ಒರೆಸಿ, ಗಿಡಕ್ಕೆ ಬೇಡ. ಫಿಲ್ಟರ್ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಗುಲಾಬಿಗೆ ಸ್ವಲ್ಪ ಹುಳಿ ಗುಣದ ಮಣ್ಣು ಇಷ್ಟ, ಪಿಎಚ್ 6ರಿಂದ 6.5ರ ಹತ್ತಿರ. ಗಡುಸು ನೀರು ಸುರಿದು ಸುರಿದು ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಹೀರಲು ಬರುವುದಿಲ್ಲ. ಕಬ್ಬಿಣದ ಕೊರತೆ ಮೊದಲು ಕಾಣುವುದು ಹೊಸ ಎಲೆಯಲ್ಲಿ: ಎಲೆ ಹಳದಿ, ನರ ಹಸಿರು. ಮೆಗ್ನೀಷಿಯಂ ಕೊರತೆ ಆದರೆ ಹಳೆ ಎಲೆಯಿಂದ ಶುರುವಾಗುತ್ತದೆ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಷಿಯಂ. ಹಾಗಾಗಿ ಇಲ್ಲಿ ಅದರಿಂದ ಉಪಯೋಗವಿಲ್ಲ.

ಮಳೆ ನೀರು ಹಿಡಿದಿಡಿ. ಜೂನ್‌ನಿಂದ ಅಕ್ಟೋಬರ್ ತನಕ ಬೆಂಗಳೂರಿನಲ್ಲಿ ಅದಕ್ಕೇನೂ ಬರವಿಲ್ಲ. ಒಂದು ಸಲ ಕುಂಡದ ತುಂಬ ಮಳೆ ನೀರು ಹರಿಸಿ ಉಪ್ಪು ತೊಳೆಯಿರಿ. ತುರ್ತಿಗೆ ಚೀಲೇಟೆಡ್ ಕಬ್ಬಿಣ ಅಂತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲಿನ ಅಳತೆಯಂತೆ ಎಲೆಗೆ ಸಿಂಪಡಿಸಬಹುದು. ಇನ್ನೊಂದು ಮಾತು: ಮೂಳೆ ಪುಡಿಯ ರಂಜಕ ಗಿಡಕ್ಕೆ ಸಿಗಬೇಕಾದರೂ ಮಣ್ಣು ಹುಳಿ ಇರಬೇಕು. ಕ್ಷಾರ ಮಣ್ಣಿನಲ್ಲಿ ಅದು ಸುಮ್ನೆ ಬಿದ್ದಿರುತ್ತದೆ.

ಅಡುಗೆಮನೆ ಗೊಬ್ಬರ

ಅಂದರೆ ನಾವು ಇಷ್ಟು ದಿನ ಹಾಕಿದ್ದೆಲ್ಲ ವೇಸ್ಟಾ? ನಮ್ಮಜ್ಜಿ ಅಕ್ಕಿ ತೊಳೆದ ನೀರು ಹಾಕಿಯೇ ಗುಲಾಬಿ ಬೆಳೆದರು. ಯಾವ ಪಿಎಚ್ಚೂ ನೋಡಲಿಲ್ಲ.

ಕಸಿ ಕತ್ತರಿ

ಅಜ್ಜಿ ಬೆಳೆದದ್ದು ನಾಟಿ ಗುಲಾಬಿ, ಅದೂ ನೆಲದಲ್ಲಿ, ಬಾವಿ ನೀರಿನಲ್ಲಿ. ನಾಟಿ ಗುಲಾಬಿಗೆ ಕಸಿಯೇ ಬೇಡ. ಪೆನ್ಸಿಲ್ ದಪ್ಪದ ಕಡ್ಡಿ ಮಳೆಗಾಲದಲ್ಲಿ ಊರಿದರೆ ಬೇರು ಬಿಡುತ್ತದೆ. ಅದರ ಬೇರು ಎರಡು ಅಡಿ ಆಚೆ ಹೋಗಿ ಬೇಕಾದ್ದನ್ನು ತಂದುಕೊಳ್ಳುತ್ತದೆ. ಕುಂಡದ ಗಿಡಕ್ಕೆ ಆ ಸೌಕರ್ಯ ಎಲ್ಲಿದೆ?

ಸಿಪ್ಪೆ, ಚರಟ ಎಲ್ಲ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕಾಂಪೋಸ್ಟ್ ಡಬ್ಬಿಗೆ ಹಾಕಿ, ಕಳಿತ ಮೇಲೆ ಕುಂಡಕ್ಕೆ ಬರಲಿ. ಬಾಳೆ ಸಿಪ್ಪೆ ನೆನೆಸಿದ ನೀರಿನಲ್ಲಿ ಸ್ವಲ್ಪ ಪೊಟ್ಯಾಷ್ ಬಿಟ್ಟರೆ ಹೆಚ್ಚೇನಿಲ್ಲ. ಮೊಟ್ಟೆ ಸಿಪ್ಪೆ ಕರಗಲು ವರ್ಷಗಟ್ಟಲೆ ಬೇಕು, ಅದೂ ಸುಣ್ಣ. ಮೇಡಂ ಕುಂಡದಲ್ಲಿ ಸುಣ್ಣ ಆಗಲೇ ಜಾಸ್ತಿ ಇದೆ.

ಊಟ ಕೊಡಲೇಬೇಕು ಅಂದರೆ ಕಡಲೆಕಾಯಿ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಿನಲ್ಲಿ ನಾಲ್ಕೈದು ದಿನ ಕೊಳೆಸಿ. ಒಂದಕ್ಕೆ ಹತ್ತು ಪಾಲು ನೀರು ಸೇರಿಸಿ, ಹದಿನೈದು ದಿನಕ್ಕೊಮ್ಮೆ ಹಾಕಿ. ವಾಸನೆಗೆ ಪಕ್ಕದ ಮನೆಯವರು ಜಗಳಕ್ಕೆ ಬಂದರೆ ನನ್ನ ಹೆಸರು ಹೇಳಬೇಡಿ. ಹೊಂಗೆ ಹಿಂಡಿಯೂ ಒಳ್ಳೆಯದೇ. ನೆಲದಲ್ಲಿ ಗಿಡ ಇರುವವರು ಕಡಲೆಕಾಯಿ ಹಿಂಡಿಯನ್ನು ಹಾಗೇ ಹೂತರೆ ರಾತ್ರಿ ಹೆಗ್ಗಣ ಬಂದು ಗಿಡವನ್ನೇ ಅಗೆದು ಹಾಕುತ್ತದೆ.

ಹೊಸ ಕುಂಡ

ಹಾಗಾದರೆ ಹಬ್ಬಕ್ಕೆ ಹೂ?

ಕಸಿ ಕತ್ತರಿ

ಈಗ ಮುಖ್ಯ ವಿಷಯಕ್ಕೆ ಬಂದಿರಿ. ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಿಗುರು ಬರಬೇಕಾದರೆ ಕತ್ತರಿಸಬೇಕು. ಗೊಬ್ಬರದ ಮೇಲೆ ಸಾವಿರ ರೂಪಾಯಿ ಖರ್ಚು ಮಾಡುವ ಜನ ಒಂದು ಒಳ್ಳೆ ಕತ್ತರಿ ಕೊಳ್ಳುವುದಿಲ್ಲ. ಕೊಂಡರೂ ಗಿಡದ ಮೇಲಿನ ಪ್ರೀತಿಗೆ ಕೈ ಓಡುವುದಿಲ್ಲ. ನಾನು ನೋಡಿದ ಹೂ ಬಿಡದ ಗುಲಾಬಿಗಳಲ್ಲಿ ಹೆಚ್ಚಿನವಕ್ಕೆ ಬೇಕಿದ್ದದ್ದು ಬಿಸಿಲು ಮತ್ತು ಕತ್ತರಿ, ಅಷ್ಟೇ.

ಬೆಂಗಳೂರು, ಕೋಲಾರ, ತುಮಕೂರು ಹವೆಗೆ ವರ್ಷಕ್ಕೆ ಎರಡು ಸವರಿಕೆ. ಒಂದು ಜೂನ್‌ನಲ್ಲಿ, ಇನ್ನೊಂದು ನವೆಂಬರ್‌ನಲ್ಲಿ. ಸವರಿದ ಮೇಲೆ ಹೂ ಬರಲು ತಳಿ ನೋಡಿಕೊಂಡು 6ರಿಂದ 8 ವಾರ ಬೇಕು. ಕ್ಯಾಲೆಂಡರ್ ತೆಗೆದು ಹಬ್ಬದಿಂದ ಹಿಂದಕ್ಕೆ ಎಣಿಸಿ. ವರಮಹಾಲಕ್ಷ್ಮಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಅಂದರೆ ಜೂನ್ ನಡುವೆ ಕತ್ತರಿ ಆಡಬೇಕು. ಗಿಡಗಳನ್ನೆಲ್ಲ ಒಂದೇ ದಿನ ಕತ್ತರಿಸಬೇಡಿ. ಒಂದೊಂದು ಗಿಡಕ್ಕೆ ನಾಲ್ಕೈದು ದಿನ ಅಂತರ ಕೊಡಿ. ಮೋಡ ಜಾಸ್ತಿಯಾಗಿ ಒಂದು ತಡವಾದರೂ ಇನ್ನೊಂದು ಕೈಹಿಡಿಯುತ್ತದೆ.

ಕತ್ತರಿಸುವ ಕ್ರಮ: ಮೊದಲು ಒಣಗಿದ್ದು, ಕಪ್ಪಾದದ್ದು, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆಯಿರಿ. ನಡುವೆ ಗಾಳಿ ಆಡುವಂತೆ ಆಗಲಿ. ಗಟ್ಟಿಯಾದ ನಾಲ್ಕೈದು ಕೊಂಬೆ ಉಳಿಸಿ. ದೊಡ್ಡ ಹೂವಿನ ಹೈಬ್ರಿಡ್ ಟೀ ಜಾತಿಯಾದರೆ ಒಂದು, ಒಂದೂವರೆ ಅಡಿ ಎತ್ತರಕ್ಕೆ ಇಳಿಸಿ. ಹೊರಗೆ ಮುಖ ಮಾಡಿದ ಕಣ್ಣಿನ ಮೇಲೆ, ಕಾಲು ಇಂಚು ಬಿಟ್ಟು, ಓರೆಯಾಗಿ ಕತ್ತರಿಸಬೇಕು. ಕಣ್ಣು ಒಳಗೆ ನೋಡುತ್ತಿದ್ದರೆ ಚಿಗುರೂ ಒಳಕ್ಕೇ ನುಗ್ಗಿ ಪೊದೆಯಾಗುತ್ತದೆ. ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ. ಸಿಗದಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಇದನ್ನು ಬಿಟ್ಟರೆ ತುದಿಯಿಂದ ಕಪ್ಪಾಗಿ ಒಣಗುತ್ತಾ ಬುಡದ ತನಕ ಇಳಿಯುತ್ತದೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

ಸಣ್ಣ ಬಟನ್ ಗುಲಾಬಿ, ನಾಟಿ ಗುಲಾಬಿಗೆ ಇಷ್ಟು ಕಟುಕತನ ಬೇಡ, ಮೇಲುಮೇಲೆ ಸವರಿದರೆ ಸಾಕು. ಬಳ್ಳಿ ಗುಲಾಬಿಯನ್ನಂತೂ ಮೊಟಕು ಮಾಡಲೇಬಾರದು. ಅದರ ಉದ್ದ ಕೊಂಬೆಯನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿ. ನೆಟ್ಟಗೆ ಬಿಟ್ಟರೆ ತುದಿಯಲ್ಲಷ್ಟೇ ಹೂ. ಅಡ್ಡ ಮಲಗಿಸಿದರೆ ಗೆಣ್ಣು ಗೆಣ್ಣಿಗೂ ಚಿಗುರುತ್ತದೆ.

ನಡುವಿನ ದಿನಗಳಲ್ಲಿ ಬಾಡಿದ ಹೂವನ್ನು ಸುಮ್ನೆ ಕೀಳಬೇಡಿ. ಕೆಳಗಿನ ಐದೆಲೆಯ ಕಡ್ಡಿಯ ತನಕ ಇಳಿದು ಕತ್ತರಿಸಿ.

ಹೊಸ ಕುಂಡ

ಇದನ್ನು ಪ್ರಿಂಟ್ ಹಾಕಿ ತಾರಸಿ ಬಾಗಿಲಿಗೆ ಅಂಟಿಸಿದ್ದೇವೆ. ಅತ್ತೆ ಮಾತ್ರ 'ಅಷ್ಟೊಂದು ಕತ್ತರಿಸಿದರೆ ಗಿಡಕ್ಕೆ ನೋವಾಗೋದಿಲ್ವಾ' ಅನ್ನುತ್ತಿದ್ದಾರೆ.

ಶಿರಸಿ ಅಂಗಳ (ಶಿರಸಿ)

ಗುಲಾಬಿ ವಿಷಯ ಆಯಿತಲ್ಲ, ಹಬ್ಬದ ಹೂವಿನ ಬಗ್ಗೆ ನಾನು ಬರೆಯುತ್ತೇನೆ ತಂಗಿ.

ಗೌರಿ ಹಬ್ಬಕ್ಕೆ ಕರ್ಣಕುಂಡಲದ ಬೀಜ ಈಗಲೇ ಹಾಕಿಬಿಡಿ. ಇದಕ್ಕಿಂತ ಸುಲಭದ ಹೂ ಇಲ್ಲ. ಆರೇಳು ವಾರದಲ್ಲಿ ಕಾಂಡದ ಉದ್ದಕ್ಕೂ ಹೂ. ಕಾಯಿ ಬಲಿತರೆ ಮುಟ್ಟಿದ ಕೂಡಲೇ ಸಿಡಿದು ಬೀಜ ಚೆಲ್ಲುತ್ತದೆ. ಮುಂದಿನ ವರ್ಷ ನೀವು ಹಾಕದಿದ್ದರೂ ಪಕ್ಕದ ಕುಂಡದಲ್ಲಿ ತಾನೇ ಹುಟ್ಟುತ್ತದೆ.

ಆದರೆ ನಮ್ಮ ಮಲೆನಾಡಿನಲ್ಲಿ ಮಳೆಗಾಲ ಅಂದರೆ ಡೇರೆ ಹೂ, ಅದೇ ಡೇಲಿಯಾ. ಮೊದಲ ಮಳೆ ಬಿದ್ದ ಕೂಡಲೇ ಗೆಡ್ಡೆ ನೆಡುತ್ತೇವೆ, ಚೌತಿ ಹೊತ್ತಿಗೆ ಅಂಗಳ ತುಂಬ ಬಣ್ಣ. ಯಾರ ಮನೆಯಲ್ಲಿ ಹೊಸ ಬಣ್ಣ ಬಂದಿದೆ ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಮದುವೆಗೆ ಹೋದರೂ ಕೈಚೀಲದಲ್ಲಿ ಒಂದು ಗೆಡ್ಡೆ ವಾಪಸ್ ಬರುತ್ತದೆ. ದುಡ್ಡು ಕೊಟ್ಟು ಕೊಂಡವರು ಕಡಿಮೆ.

ಗೆಡ್ಡೆ ತೆಗೆದುಕೊಳ್ಳುವಾಗ ಒಂದು ನೋಡಿ. ಡೇರೆ ಗೆಡ್ಡೆಗೆ ಆಲೂಗಡ್ಡೆಯ ಹಾಗೆ ಮೈ ತುಂಬ ಕಣ್ಣು ಇರುವುದಿಲ್ಲ. ಕಣ್ಣು ಇರುವುದು ಹಳೆ ಕಾಂಡ ಸೇರುವ ಕುತ್ತಿಗೆಯಲ್ಲಿ ಮಾತ್ರ. ಕಾಂಡದ ಚೂರು ಅಂಟಿಕೊಂಡಿರದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ನೆಡುವಾಗಲೇ ಪಕ್ಕಕ್ಕೆ ಊರುಗೋಲು ಹುಗಿಯಿರಿ. ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ. ನಾಲ್ಕು ಜೊತೆ ಎಲೆ ಬಂದ ಮೇಲೆ ಕುಡಿ ಚಿವುಟಿ. ಎಳೆ ಚಿಗುರಿಗೆ ಬಸವನಹುಳು ಕಾಟ ಇದೆ. ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ಸರಿ. ಹೂ ಮುಗಿದು ಕಾಂಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಒಣ ಮರಳಿನಲ್ಲೋ ಬೂದಿಯಲ್ಲೋ ಹಾಕಿ ಅಟ್ಟದ ಮೇಲಿಡುತ್ತೇವೆ.

ಮೆಲ್ಬರ್ನ್ ಸಾಗರ (ಮೆಲ್ಬರ್ನ್)

ಅಕ್ಕಾ, ಓದಿ ಊರು ನೆನಪಾಯಿತು. ಅಮ್ಮ ಬರುವಾಗ ನಾಲ್ಕು ಗೆಡ್ಡೆ ಸೀರೆ ನಡುವೆ ಇಟ್ಟು ತರುತ್ತೇನೆ ಅನ್ನುತ್ತಿದ್ದಾರೆ.

ಶಿರಸಿ ಅಂಗಳ

ಬೇಡ ಅಂತ ಹೇಳು ಮಾರಾಯಾ. ಆಮೇಲೆ ವಿಮಾನ ನಿಲ್ದಾಣದಲ್ಲಿ ಕಟಕಟೆ ಹತ್ತಬೇಕಾದೀತು.

ಮೆಲ್ಬರ್ನ್ ಸಾಗರ

ಅದನ್ನೇ ಹೇಳಿದೆ. ಪರವಾನಗಿ ಇಲ್ಲದೆ ಗೆಡ್ಡೆ, ಕಡ್ಡಿ, ಮಣ್ಣು ತಂದರೆ ಇಲ್ಲಿ ದಂಡ ಭಾರಿ. ಡೇಲಿಯಾ ಇಲ್ಲೇ ಬೇಕಾದಷ್ಟು ಸಿಗುತ್ತದೆ. ನಮ್ಮ ಕಾಲ ಮಾತ್ರ ಉಲ್ಟಾ. ನೀವು ನವೆಂಬರ್‌ನಲ್ಲಿ ಗುಲಾಬಿ ಸವರುವಾಗ ಇಲ್ಲಿ ಗಿಡದ ತುಂಬ ಹೂ. ವೆರಿಬಿಯಲ್ಲಿರುವ ವಿಕ್ಟೋರಿಯಾ ರಾಜ್ಯದ ಗುಲಾಬಿ ತೋಟ ನೋಡಲು ಆಗ ಜನ ಹೋಗುತ್ತಾರೆ. ಸವರುವುದು ಜುಲೈ ಚಳಿಯಲ್ಲಿ, ಎಲೆ ಉದುರಿ ಗಿಡ ಮಲಗಿದಾಗ. ಬೆಂಗಳೂರಿನಲ್ಲಿ ಗಿಡಕ್ಕೆ ಈ ನಿದ್ದೆಯೇ ಇಲ್ಲ, ಅಲ್ವಾ?

ಕಸಿ ಕತ್ತರಿ

ಇಲ್ಲ. ಅದಕ್ಕೇ ಇಲ್ಲಿ ಚಳಿ ಮಾಡುವ ಕೆಲಸವನ್ನು ಕತ್ತರಿ ಮಾಡಬೇಕು.

ಧಾರವಾಡದ ಎರೆ

ದಸರಾಕ್ಕೆ ಚೆಂಡು ಹೂ ಹಾಕುವವರು ಜುಲೈ ನಡುವೆ ಬೀಜ ಬಿತ್ತಿ. ಮೂರ್ನಾಲ್ಕು ವಾರಕ್ಕೆ ಸಸಿ ಕಿತ್ತು ನೆಡಿ, ಕುಡಿ ಒಮ್ಮೆ ಚಿವುಟಿ. ಹಬ್ಬದ ಹಾರದ ಹೂ ಒಣಗಿಸಿ ಬೀಜ ಮಾಡಿದರೆ ಗಿಡ ಬರುತ್ತದೆ. ಆದರೆ ಹೈಬ್ರಿಡ್ ಆಗಿದ್ದರೆ ಅದೇ ಗಾತ್ರದ ಹೂ ಬರುತ್ತದೆ ಅಂತ ಹೇಳಲಾಗದು, ಒಂಟಿ ಎಸಳಿನವೂ ಬರುತ್ತವೆ.

'ಗುಲಾಬಿ ಪಕ್ಕ ಚೆಂಡು ಹೂ ಹಾಕಿ, ಹುಳ ಬರೋದಿಲ್ಲ' ಅಂತ ಬಹಳ ಜನ ಹೇಳುತ್ತಾರೆ. ಮಣ್ಣಿನಲ್ಲಿರುವ ಬೇರುಗಂಟು ಜಂತುವಿನ ಮಟ್ಟಿಗೆ ಅದು ನಿಜ. ಆದರೆ ಬೇಸಿಗೆಯ ಕೆಂಪು ಜೇಡನುಸಿ ಚೆಂಡು ಹೂವಿನ ಮೇಲೇ ಮರಿ ಹಾಕಿ ಗುಲಾಬಿಗೆ ದಾಟುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಡುವುದಿಲ್ಲ. ಆ ತಿಂಗಳುಗಳಲ್ಲಿ ಶೇಂಗಾ ಸಿಪ್ಪೆ ಬುಡಕ್ಕೆ ದಪ್ಪಗೆ ಹಾಸಿ, ಮೇಲೆ ನೆರಳು ಬಲೆ ಕಟ್ಟಿದರೆ ಗುಲಾಬಿ ಉಳಿಯುತ್ತದೆ. ಹೂ ಸಣ್ಣದಾಗುತ್ತದೆ, ಅದಕ್ಕೆ ಏನೂ ಮಾಡಲಾಗದು.

ಸೇವಂತಿಗೆ ಸುಬ್ಬಿ (ಚಿಕ್ಕಬಳ್ಳಾಪುರ)

ಬೀಜದಿಂದಲೇ ಬೆಳೆಯಬೇಕು ಅನ್ನುವವರು ಆಸ್ಟರ್ ಹಾಕಿ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ಇಲ್ಲಿಯ ಹವೆಗೇ ಮಾಡಿದವು. ಪರಿಮಳದ ಬಿಡಿಹೂ ಗುಲಾಬಿ ಬೇಕಾದರೆ ಅವರದ್ದೇ ಅರ್ಕಾ ಪರಿಮಳ ಇದೆ.

ಮಲ್ಲೇಶ್ವರದ ಮಹಡಿ

ಸೇವಂತಿಗೆ ಬಗ್ಗೆ ಕೇಳಬೇಕಿತ್ತು. ನಮ್ಮ ಬಾಲ್ಕನಿಯಲ್ಲಿ ಹಚ್ಚಗೆ ಬೆಳೆದಿತ್ತು, ದೀಪಾವಳಿ ಕಳೆದರೂ ಮೊಗ್ಗಿಲ್ಲ. ಅದೇ ತಾಯಿಗಿಡದ ಸಸಿ ತಮ್ಮನ ಮನೆಯಲ್ಲಿ ಹೂ ತುಂಬಿ ನಿಂತಿತ್ತು.

ಸೇವಂತಿಗೆ ಸುಬ್ಬಿ

ಬಾಲ್ಕನಿ ಮುಂದೆ ಬೀದಿ ದೀಪ ಇದೆಯಾ?

ಮಲ್ಲೇಶ್ವರದ ಮಹಡಿ

ಇದೆ! ಎದುರಿಗೇ.

ಸೇವಂತಿಗೆ ಸುಬ್ಬಿ

ಹಾಗಾದರೆ ಅದೇ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ರಾತ್ರಿ ಬೇಕು, ಅದೂ ಪೂರ್ತಿ ಕತ್ತಲೆ. ಸೆಪ್ಟೆಂಬರ್ ಆಚೆ ರಾತ್ರಿ ಉದ್ದ ಆಗುತ್ತಿದ್ದಂತೆ ಗಿಡಕ್ಕೆ ಸುದ್ದಿ ಮುಟ್ಟುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಬೇಸಿಗೆ. ಹೂ ಬೆಳೆಯುವ ರೈತರು ಇದನ್ನೇ ಉಪಯೋಗಿಸಿಕೊಂಡು, ಹೂ ತಡವಾಗಿ ಬರಲಿ ಅಂತ ಹೊಲದಲ್ಲಿ ಬಲ್ಬ್ ಉರಿಸುತ್ತಾರೆ. ನೀವು ಕುಂಡವನ್ನು ಮನೆಯ ಹಿಂಬದಿಗೆ ಸಾಗಿಸಿ. ಕುಡಿ ಚಿವುಟುವುದನ್ನು ಆಗಸ್ಟ್‌ಗೇ ನಿಲ್ಲಿಸಿ. ಹೂ ಮುಗಿದ ಮೇಲೆ ಬುಡದ ತನಕ ಕತ್ತರಿಸಿದರೆ ಸುತ್ತ ಮರಿ ಏಳುತ್ತವೆ, ಅವೇ ಮುಂದಿನ ಸಸಿ.

ಹೊಸ ಕುಂಡ (ಜುಲೈ ಕೊನೆ)

ವರದಿ ಒಪ್ಪಿಸುತ್ತಿದ್ದೇನೆ. ಕೆಂಪು ಗುಲಾಬಿಯಲ್ಲಿ ಮೊಗ್ಗು ಬಂದಿದೆ! ಅತ್ತೆ ದಿನಾ ಹೋಗಿ ಎಣಿಸುತ್ತಿದ್ದಾರೆ. ಬಿಳಿಯದು ಹಸಿರಾಗುತ್ತಿದೆ. ಕೇಸರಿ ಗುಲಾಬಿಯ ಉಂಡೆ ಬಕೆಟ್‌ನಲ್ಲಿ ಅರ್ಧ ದಿನ ಇಟ್ಟರೂ ಕರಗಲಿಲ್ಲ, ರಾತ್ರಿಯೆಲ್ಲ ಬಿಟ್ಟ ಮೇಲೆ ದಾರಿಗೆ ಬಂತು. ಈಗ ಚಿಗುರಿದೆ, ಮೊಗ್ಗು ಇನ್ನೂ ಇಲ್ಲ.

ಆದರೆ ಕೆಂಪು ಗುಲಾಬಿಯ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ. ಸುತ್ತ ಹಳದಿಯಾಗಿ ಉದುರುತ್ತಿವೆ. ಒಂದು ಮೊಗ್ಗಿನ ಎಸಳಿನ ಅಂಚು ಕಂದು ಬಣ್ಣ, ಅರಳುತ್ತಲೇ ಇಲ್ಲ.

ಕುಂದಾಪ್ರದ ಜಗಲಿ (ಕುಂದಾಪುರ)

ಕಪ್ಪು ಚುಕ್ಕೆಯ ಬಗ್ಗೆ ಕರಾವಳಿಯವರನ್ನು ಕೇಳಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲೆ ಒಣಗುವುದೇ ಇಲ್ಲ. ಎಲೆಯ ಮೇಲೆ ಏಳೆಂಟು ಗಂಟೆ ನೀರು ನಿಂತರೆ ಈ ಶಿಲೀಂಧ್ರಕ್ಕೆ ಹಬ್ಬ. ಹಾಗಾಗಿ ಮಳೆ ಹಿಡಿಯುವ ಮುಂಚೆ ಗುಲಾಬಿ ಕುಂಡವೆಲ್ಲ ಜಗಲಿಯ ಮಾಡಿನ ಕೆಳಗೆ ಬರುತ್ತದೆ. ಇಲ್ಲಿ ಜಡಿಮಳೆಯಲ್ಲಿ ಗುಲಾಬಿ ಅರಳಿಸುವ ಹಟ ನಮಗಿಲ್ಲ. ದಾಸವಾಳ ಇದೆ, ಸಾಕು.

ಬಿದ್ದ ಎಲೆ ಒಂದೂ ಕುಂಡದಲ್ಲಿ ಉಳಿಯಬಾರದು. ಅದರಿಂದಲೇ ಮತ್ತೆ ಸಿಡಿದು ಮೇಲೆ ಹೋಗುವುದು. ಸಂಜೆ ನೀರು ಹಾಕಬೇಡಿ, ಎಲೆಗೆ ಹಾಕಲೇಬೇಡಿ. ಅಡಿಕೆಗೆ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ನಾವು ಗುಲಾಬಿಗೂ ಹೊಡೆಯುತ್ತೇವೆ. ಎಳೆ ಚಿಗುರು ಇರುವಾಗ ಮಾತ್ರ ಬೇಡ, ಸುಡುತ್ತದೆ.

ಕಸಿ ಕತ್ತರಿ

ಎಳೆ ಚಿಗುರು, ಮೊಗ್ಗು ಇರುವುದರಿಂದ ಬೋರ್ಡೋ ಈಗ ಬೇಡ. ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರದ ಔಷಧಿ ಲೀಟರಿಗೆ 2 ಗ್ರಾಂ ಸಾಕು. ಚಳಿಗಾಲದಲ್ಲಿ ಎಲೆ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಬಂದರೆ ಅದು ಬೂದಿ ರೋಗ, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ. ಗಂಧಕ ಹೊಡೆದ ಎರಡು ವಾರ ಬೇವಿನೆಣ್ಣೆ ಹೊಡೆಯಬಾರದು, ಎಲೆ ಸುಡುತ್ತದೆ.

ಅರಳದ ಮೊಗ್ಗಿನೊಳಗೆ ಥ್ರಿಪ್ಸ್ ನುಸಿ ಇದೆ. ಬಿಳಿ ಹಾಳೆಯ ಮೇಲೆ ಮೊಗ್ಗನ್ನು ಕೊಡವಿ ನೋಡಿ, ಸಣ್ಣ ಗೀರಿನಂಥ ಹುಳ ಓಡಾಡುತ್ತವೆ. ಆ ಮೊಗ್ಗು ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಬಿಡಿ. ನೀಲಿ ಅಂಟುಹಾಳೆ ತೂಗುಹಾಕಿ, ನುಸಿಗೆ ನೀಲಿ ಬಣ್ಣ ಇಷ್ಟ. ಬೇವಿನೆಣ್ಣೆ 5 ಮಿಲಿ, ಸ್ವಲ್ಪ ಸೋಪಿನ ನೀರು, ಒಂದು ಲೀಟರಿಗೆ, ಸಂಜೆ ಹೊತ್ತು.

ಅಡುಗೆಮನೆ ಗೊಬ್ಬರ

ಅಂಗಡಿಯವರು ಇಮಿಡಾಕ್ಲೋಪ್ರಿಡ್ ಕೊಟ್ಟರು. ಅದೊಂದು ಹೊಡೆದರೆ ಎಲ್ಲ ಹುಳಕ್ಕೂ ಆಗುತ್ತದಂತೆ?

ಧಾರವಾಡದ ಎರೆ

ಆಗುವುದಿಲ್ಲ ರೀ. ಜೇಡನುಸಿ ಕೀಟವೇ ಅಲ್ಲ, ಜೇಡದ ಬಳಗ. ಅದಕ್ಕೆ ಈ ಔಷಧಿ ನಾಟುವುದಿಲ್ಲ, ಕೆಲವು ಸಲ ಇನ್ನೂ ಹೆಚ್ಚುತ್ತದೆ. ಎಲೆ ಅಡಿಗೆ ಪೈಪಿನಿಂದ ಜೋರಾಗಿ ನೀರು ಹಾರಿಸಿ. ಬೆಳಿಗ್ಗೆ ಮಾಡಿ, ಸಂಜೆಯೊಳಗೆ ಎಲೆ ಒಣಗಲಿ. ಜೊತೆಗೆ ಜೇನು ಬರುವ ಗಿಡಕ್ಕೆ ಆ ಔಷಧಿ ಬೇಡವೇ ಬೇಡ.

ಮಲ್ಲೇಶ್ವರದ ಮಹಡಿ

ಇದರ ಜೊತೆಗೇ ಕೇಳುತ್ತೇನೆ, ಈ ಗುಲಾಬಿಯಿಂದ ಗುಲ್ಕಂದ್ ಮಾಡಬಹುದಾ?

ಶಿರಸಿ ಅಂಗಳ

ನರ್ಸರಿ ಗುಲಾಬಿಯಿಂದ ಖಂಡಿತ ಬೇಡ. ಅಲ್ಲಿ ಏನೇನು ಹೊಡೆದಿರುತ್ತಾರೋ. ಮನೆಯಲ್ಲೂ ಔಷಧಿ ಹೊಡೆದಿದ್ದರೆ ದೇವರಿಗೆ, ತಲೆಗೆ ಸರಿ, ಬಾಯಿಗೆ ಬೇಡ. ಗುಲ್ಕಂದ್‌ಗೆ ಪರಿಮಳದ ನಾಟಿ ಗುಲಾಬಿಯೇ ಆಗಬೇಕು. ಅದಕ್ಕೊಂದು ಕುಂಡ ಬೇರೆ ಇಡಿ, ಔಷಧಿ ತಾಗಿಸಬೇಡಿ.

ಹೊಸ ಕುಂಡ (ಆಗಸ್ಟ್)

ಹಬ್ಬ ಆಯಿತು. ಕೆಂಪು ಗುಲಾಬಿ ಕಳಶಕ್ಕೆ ಏರಿತು. ಬಿಳಿಯದು ಹಬ್ಬ ಕಳೆದು ಅರಳಿತು, ಕೇಸರಿಯದು ಇನ್ನೂ ಮೊಗ್ಗಿನಲ್ಲಿದೆ. ಉಳಿದ ಹೂ ಮಾರ್ಕೆಟ್‌ನಿಂದಲೇ ಬಂತು, ಹಬ್ಬದ ರೇಟು ಕೇಳಬೇಡಿ. ಕರ್ಣಕುಂಡಲ ಮಾತ್ರ ಶಿರಸಿ ಅಕ್ಕ ಹೇಳಿದ ಹಾಗೇ ಹೂ ಬಿಟ್ಟಿದೆ.

ಈಗ ಅತ್ತೆಯದ್ದು ಹೊಸ ಪ್ರಶ್ನೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದರು. ಜನವರಿಯ ಪ್ರದರ್ಶನದ ಹೊತ್ತಿಗೆ ನಮ್ಮ ತಾರಸಿಯಲ್ಲೂ ಪೆಟೂನಿಯಾ, ಗುಲಾಬಿ ಎಲ್ಲ ಒಟ್ಟಿಗೆ ಅರಳಬೇಕಂತೆ.

ಸೇವಂತಿಗೆ ಸುಬ್ಬಿ

ಪೆಟೂನಿಯಾ ಬೀಜ ಅಕ್ಟೋಬರ್ ಮೊದಲ ವಾರ. ಬೀಜ ಧೂಳಿನಷ್ಟು ಸಣ್ಣ, ಮಣ್ಣು ಮುಚ್ಚಬೇಡಿ, ಬೆಳಕು ಬಿದ್ದರೇ ಮೊಳೆಯುವುದು. ಮೇಲಿನಿಂದ ನೀರು ಹಾಕಬೇಡಿ, ತಟ್ಟೆಯಲ್ಲಿ ನೀರಿಟ್ಟು ಕುಂಡಕ್ಕೆ ತಳದಿಂದ ಕುಡಿಸಿ. ಕಷ್ಟ ಅನಿಸಿದರೆ ನವೆಂಬರ್‌ನಲ್ಲಿ ಸಸಿಯನ್ನೇ ಕೊಳ್ಳಿ.

ಕಸಿ ಕತ್ತರಿ

ಗುಲಾಬಿ ಸವರಿಕೆ ನವೆಂಬರ್ ಕೊನೆಯ ವಾರ. ಚಳಿಯಲ್ಲಿ ಚಿಗುರು ನಿಧಾನ, ಎಂಟು ವಾರವೇ ಇಟ್ಟುಕೊಳ್ಳಿ. ಕೇಸರಿ ಗುಲಾಬಿಯನ್ನು ಮಾತ್ರ ಈ ಸಲ ಕಟುವಾಗಿ ಕತ್ತರಿಸಬೇಡಿ. ಅದು ಬೇರು ಹೊಸದಾಗಿ ಕಟ್ಟಿಕೊಳ್ಳುತ್ತಿದೆ, ಮೇಲಿನ ಮೂರನೇ ಒಂದು ಪಾಲು ತೆಗೆದರೆ ಸಾಕು.